ಹುಷಾರಮ್ಮ, ಜಾರತ್ತೆ

ಮರ್ಫಿ, ಟೆಕ್ಸಸ್

ಪೂಜ್ಯ ಹೊನ್ನಮ್ಮನವರಿಗೆ ವಸುಧಾ ಮಾಡುವ ನಮಸ್ಕಾರ.

ಇದನ್ನು ನಿಮಗೆ ಹೇಳದೇ ಇದ್ದುಬಿಡೋಣ ಎಂದುಕೊಂಡಿದ್ದೆ. ಫೋನಿನಲ್ಲಿ ಬಾಯಿ ಬರಲಿಲ್ಲ, ಬರೆಯುತ್ತಿದ್ದೇನೆ.

ನಿಮ್ಮ ಮಗಳು ತೀರಿಕೊಂಡ ಮೇಲೆ ಈ ಮನೆಗೆ ಮದುವೆಯಾಗಿ ಬಂದ ನನ್ನನ್ನು ನಿಮ್ಮ ಮೊಮ್ಮಗಳು ಇಂಚರಾ "ಆಂಟಿ" ಎಂದೇ ಕರೆಯುತ್ತಾಳೆ. ಶನಿವಾರ ಡಲ್ಲಾಸಿನಲ್ಲಿ ಮಂಜುಗಡ್ಡೆ ಶಿಲ್ಪಗಳ ಉತ್ಸವಕ್ಕೆ ಹೋಗಿದ್ದೆವು. ಐಸ್ ಆನೆಯ ಮುಂದೆ ನನ್ನ ಕಾಲು ಜಾರಿತು. ಯಾವಾಗಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ತೋಳು ಹಿಡಿದು, "ಹುಷಾರಮ್ಮ, ಜಾರತ್ತೆ" ಅಂದಳು.

ನೀವು ಎಲ್ಲರಿಗೂ "ಬಾಮ್ಮ, ನೋಡಮ್ಮ" ಎನ್ನುತ್ತೀರಿ. ಅವಳದೂ ಬರೀ ಆ ರೂಢಿಯೇ ಇರಬಹುದು, ನಾನು ಕೇಳಲಿಲ್ಲ. ಹೇಗಿದ್ದರೂ ಆ ಮಾತು ನೀವು ಕಲಿಸಿದ್ದು. ನಿಮಗೆ ಋಣಿ.

ಮತ್ತೆ ಹಾಗೆ ಕರೆದರೆ ನಾನು ಓಗೊಡಬಹುದೇ? ದಯವಿಟ್ಟು ತಿಳಿಸಿ.

ನಿಮ್ಮ,
ವಸುಧಾ

ನಿಮ್ಮ ಮಗಳ ತಿಥಿ ಮುಗಿಯುವ ತನಕ ಇದು ನನ್ನ ಬಳಿಯೇ ಇರಲಿ. ಅಂಚೆಗೆ ಹಾಕುವುದು ಅದರ ಮರುದಿನ, ಡಿಸೆಂಬರ್ 23ಕ್ಕೆ.