ಕೋಡಿ ಕಡಿದರಂತೆ

೧೧ ಮಾರ್ಚ್ ೧೯೯೮, ಬುಧವಾರ. ಪಿಂಪ್ರಿ.

ಅಕ್ಕನ ಫೋನು ಬಂದ ಮೇಲೆ ಯಾವ ಕೆಲಸವೂ ನೆಟ್ಟಗಾಗಲಿಲ್ಲ. ಕೆಳಗೆ ತರಕಾರಿ ಮಾರುವ ಭಾಜಿಯವಳು "ವಹಿನಿ, ವಹಿನಿ" ಎಂದು ಕೂಗಿ ಕೂಗಿ ಹೋದಳಂತೆ. ನನಗೆ ಕೇಳಿಸಲೇ ಇಲ್ಲ.

ಊರಿನ ಕೋಡಿಯನ್ನು, ಆ ಮರಳಿನ ನಾಲಗೆಯನ್ನು, ಕಡಿದರಂತೆ. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ತುದಿಯಲ್ಲಿ ನಮ್ಮ ಮನೆಗಳು. ಹೋಗಿ ಬರಲು ಇದ್ದದ್ದು ಆ ಕಿರಿದಾದ ಮರಳಿನ ದಾರಿಯೊಂದೇ. ದೋಣಿಗಳು ಸುತ್ತು ಹಾಕದೆ ಕಡಲಿಗೆ ಇಳಿಯಲಿ ಎಂದು ಅಲ್ಲೇ ಕಾಲುವೆ ತೋಡಿದ್ದಾರೆ. ಊರು ಈಗ ದ್ವೀಪ.

"ನೆನಪುಂಟಾ ಮಾರಾಯ್ತಿ? ನನ್ನ ಮದುವೆಯ ಹಿಂದಿನ ದಿನ ನೀನು ತೆಂಗಿನ ಗೆರಟೆ ಹಿಡ್ಕೊಂಡು ಅಲ್ಲೇ ಅಗೆದದ್ದು!" ಅಕ್ಕ ನಗುತ್ತಿದ್ದಳು.

ನೆನಪಿಲ್ಲದೆ ಏನು? ಆಗ ನನಗೆ ಎಂಟು ವರ್ಷ. ದಾರಿ ಕಡಿದರೆ ದಿಬ್ಬಣ ಬರಲಾರದು, ಲೀಲಕ್ಕನನ್ನು ಯಾರೂ ಕರೆದುಕೊಂಡು ಹೋಗಲಾರರು ಎಂದುಕೊಂಡಿದ್ದೆ. ಸಂಜೆ ಕಡಲ ಭರತದ ನೀರು ಏರಿ ನನ್ನ ಕಾಲುವೆಯನ್ನು ಮುಚ್ಚಿಬಿಟ್ಟಿತು. ಬೆಳಿಗ್ಗೆ ದಿಬ್ಬಣ ಬಂತು. ವರ್ಷ ತುಂಬುವುದರೊಳಗೆ ಅಕ್ಕ ಭಾವನನ್ನೂ ಕರೆದುಕೊಂಡು ನಮ್ಮ ಮನೆಗೇ ಬಂದು ನಿಂತಳು. ಆ ದಾರಿ ದಾಟಿ ಹೋಗಿಯೇ ಬಿಟ್ಟವಳು ನಾನು.

"ಮುಂದಿನ ಸಲ ಬರುವಾಗ ಆಚೆ ದಡದಲ್ಲಿ ನಿಂತು ಒಂದು ಕೂಗು ಹಾಕು, ದೋಣಿ ಕಳಿಸ್ತೇನೆ" ಎಂದಳು ಅಕ್ಕ.

ನನ್ನ ಊರಿಗೆ ನಾನು ಕೂಗು ಹಾಕಬೇಕಂತೆ. ಅದೂ ಯಾರಿಗಾದರೂ ಕೇಳಿಸಿದರೆ.

ಇವರು ಹೋಟೆಲು ಮುಚ್ಚಿ ಬಂದು ಮಲಗಿದ್ದಾರೆ, ದೀಪ ಆರಿಸು ಎಂದು ಆಗಲೇ ಹೇಳಿಯಾಯಿತು. ಆರಿಸುತ್ತೇನೆ. ಕಡಿಯುವುದೇ ಆಗಿದ್ದರೆ ನನ್ನ ಮದುವೆಗೆ ಮುಂಚೆ ಕಡಿಯಬಾರದಿತ್ತೇ, ನಾನಿನ್ನೂ ಒಳಗಿದ್ದಾಗ