ರೂಪಕವಲ್ಲ, ರೂಪಾಂತರ

ನನ್ನ ಮುದ್ದಿನ ಪ್ರಶ್ನೆಗಳ ಪಿಟೀಲೇ,

ನೀನು ಫೋನಿಗೆ ಬಾರದೆ ಮೂರು ವಾರವಾಯಿತು. "ತಾತ ಹೇಳಿಕೊಟ್ಟಿದ್ದೇ ಬರೆದೆ, ಕ್ಲಾಸೆಲ್ಲ ನಕ್ಕಿತು. ಇನ್ನು ತಾತನ ಹತ್ರ ಏನೂ ಕೇಳಲ್ಲ" ಅಂದೆಯಂತೆ. ನಿನ್ನಮ್ಮ ಹೇಳಿದಳು. ನಗದೆ ಇನ್ನೇನು ಮಾಡುತ್ತಾರೆ ಮರಿ? ಅಮೃತಶಿಲೆ 'ಮೆಟಫಾರಿಕ್' ಕಲ್ಲು ಅಂತ ಎದೆ ತಟ್ಟಿ ಹೇಳಿದವನು ನಾನೇ. ಅದು ಮೆಟಮಾರ್ಫಿಕ್. ನಾನು ಹೇಳಿದ್ದು ಕವಿತೆಯ ರೂಪಕ, ಬೇಕಾಗಿದ್ದದ್ದು ಕಲ್ಲಿನ ರೂಪಾಂತರ. ಕಾಲೇಜಿನಲ್ಲಿ ಎರಡೂ ಪದ ಒಂದೇ ವರ್ಷ ಕಿವಿಗೆ ಬಿದ್ದವು. ಅಲ್ಲಿಂದ ಇಲ್ಲಿಯವರೆಗೆ ಕಲಸುಮೇಲೋಗರ.

ನಿನ್ನಜ್ಜಿ ಇದ್ದಿದ್ದರೆ ಅಲ್ಲೇ ಹಿಡಿಯುತ್ತಿದ್ದಳು. "ರೀ, ನಿಮ್ಮ ಇಂಗ್ಲಿಷು ಅರ್ಧ ಬೆಂದದ್ದು, ಮಗುವಿಗೆ ಬಡಿಸಬೇಡಿ" ಅನ್ನುತ್ತಿದ್ದಳು. ಶಾಲೆಯಲ್ಲಿ ಪಾಠ ಹೇಳಿದವಳಲ್ಲವೇ, ನನ್ನ ಕಾಗದಗಳನ್ನೂ ಕೆಂಪು ಪೆನ್ಸಿಲಿನಲ್ಲಿ ತಿದ್ದದೆ ಅಂಚೆಗೆ ಬಿಟ್ಟವಳಲ್ಲ.

ಈಗ ಸರಿಯಾಗಿ ಕೇಳು. ಸಮುದ್ರದ ತಳದಲ್ಲಿ ಚಿಪ್ಪುಗಳ ಪುಡಿ ಪದರ ಪದರವಾಗಿ ಕೂತು ಸುಣ್ಣಕಲ್ಲಾಗುತ್ತದೆ. ಅದರ ಮೇಲೆ ಮತ್ತಷ್ಟು ಮಣ್ಣು, ಕಲ್ಲು ಬಿದ್ದು ಆಳಕ್ಕೆ ಹೂತುಹೋಗುತ್ತದೆ. ಮೇಲಿಂದ ಬೆಟ್ಟದ ಭಾರ, ಕೆಳಗಿಂದ ಭೂಮಿಯ ಕಾವು. ಲಕ್ಷಾಂತರ ವರ್ಷ. ಆದರೂ ಅದು ಕರಗುವುದಿಲ್ಲ, ಇದನ್ನು ಗಟ್ಟಿಯಾಗಿ ನೆನಪಿಟ್ಟುಕೋ. ಕರಗಿ ಆರಿದ್ದಾದರೆ ಅದು ಅಗ್ನಿಶಿಲೆ, ಬೇರೆಯೇ ಜಾತಿ. ಭಟ್ಟಿಯಲ್ಲಿ ಹಸಿ ಇಟ್ಟಿಗೆ ನೀರಾಗದೆ ಬೇಯುತ್ತದಲ್ಲ, ಹಾಗೆ. ಒಳಗಿನ ಕಣಗಳು ಮಾತ್ರ ಸದ್ದಿಲ್ಲದೆ ಹೊಸದಾಗಿ ಬೆಳೆದು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಚಿಪ್ಪಿನ ಗುರುತು ಅಳಿಸುತ್ತದೆ. ಅದೇ ಅಮೃತಶಿಲೆ. ಮೂವತ್ತು ವರ್ಷ ಕಲ್ಲು ಕೊಯ್ಯುವ ಕಾರ್ಖಾನೆಯಲ್ಲಿ ಅದರ ಬಿಳಿ ಧೂಳು ಕುಡಿದವನು ನಾನು. ಹೆಸರು ತಪ್ಪೀತು, ಕಲ್ಲು ತಪ್ಪುವುದಿಲ್ಲ.

ಅಜ್ಜಿ ಹೋದ ದಿನ ನೀನು ನನ್ನ ತೋಳು ಅಲ್ಲಾಡಿಸಿ, "ತಾತ, ನೀನು ಅಳ್ತಾನೇ ಇಲ್ಲ. ನೀನೇನು ಕಲ್ಲಾ?" ಅಂದೆ. ಅದಕ್ಕೆ ಈಗ ಹೇಳುತ್ತೇನೆ: ಹೌದು ಮರಿ, ಕಲ್ಲೇ. ಕರಗಲಿಲ್ಲ. ಆದರೆ ಅವತ್ತಿನ ತಾತನೂ ಅಲ್ಲ ಇವನು. ಅದು ಹೊರಗೆ ಕಾಣುವುದಿಲ್ಲ.

ಅಜ್ಜಿಗೆಂದು ನಾನೇ ಅಮೃತಶಿಲೆಯಲ್ಲಿ ಕೊಯ್ದುಕೊಟ್ಟ, ಹಿಟ್ಟು ಲಟ್ಟಿಸುವ ಬಿಳಿ ಮಣೆ ಇಲ್ಲೇ ಇದೆ. ಅದರ ಒಂದು ಮೂಲೆ ಒಡೆದಿದೆ. ಒಡೆದ ಕಡೆಯನ್ನು ಕಿಟಕಿಯ ಹತ್ತಿರ ಹಿಡಿದರೆ ನಾನು ಹೇಳಿದ ಆ ಕಣಗಳು ಮಿನುಗುತ್ತವೆ. ಬಂದು ನೋಡು.

ಎಡಕ್ಕೆ ಅಗಲವಾಗಿ ಅಂಚು ಬಿಟ್ಟು ಬರೆದಿದ್ದೇನೆ. ಅವಳ ಕೆಂಪು ಪೆನ್ಸಿಲನ್ನೂ ಲಕೋಟೆಯಲ್ಲಿಟ್ಟಿದ್ದೇನೆ. ತಪ್ಪಿದ್ದರೆ ತಿದ್ದಿ ತಗೊಂಡು ಬಾ. ಈ ಮನೆಯಲ್ಲಿ ನನ್ನನ್ನು ತಿದ್ದುವವರು ಯಾರೂ ಇಲ್ಲ.

ನೂರು ವರ್ಷ ಪ್ರಶ್ನೆ ಕೇಳುತ್ತಾ ಬಾಳು.

ಇತಿ,
ಅರ್ಧ ಬೆಂದ ನಿನ್ನ ತಾತ