ಗಾಳಿ ತುಂಬಿಸದೆ ವಾಶಿಗೆ ಹೊರಡಬೇಡ

ದಮಯಂತಿ,

ಗಾಢನಿದ್ದೆಯಲ್ಲಿದ್ದೆ, ನಿನ್ನೆ ಕೆಸರನ್ನು ಗೆದ್ದವಳನ್ನು ಎಬ್ಬಿಸಲು ಮನಸ್ಸಾಗಲಿಲ್ಲ. ನಾನು ಠಾಕುರ್ಲಿಯ ಕವಿಗೋಷ್ಠಿಗೆ ಹೊರಟಿದ್ದೇನೆ.

ವಾಶಿಗೆ ಹೊರಡುವ ಮೊದಲು ಜೀಪಿನ ಟಯರುಗಳಿಗೆ ಗಾಳಿ ತುಂಬಿಸು. ನಿನ್ನೆ ಖಾಡಿಯ ಹಿನ್ನೀರ ದಂಡೆಯ ಕೆಸರಿನಲ್ಲಿ ಹೂತುಹೋದಾಗ ಅರ್ಧದಷ್ಟು ಇಳಿಸಿದ್ದೆವಲ್ಲ. ಗೆದ್ದ ಖುಷಿಯಲ್ಲಿ ಮತ್ತೆ ತುಂಬಿಸುವುದನ್ನೇ ಮರೆತು ಮನೆಗೆ ಬಂದೆವು. ಮೆತ್ತಗಾದ ಟಯರು ಅಗಲವಾಗಿ ಕೆಸರನ್ನು ಅಪ್ಪಿಕೊಳ್ಳುತ್ತದೆ. ಅದೇ ಟಯರು ಹೈವೇಯ ವೇಗದಲ್ಲಿ ಕಾದು ಒಡೆಯಬಹುದು. ಮೂಲೆಯ ಪೆಟ್ರೋಲ್ ಪಂಪಿಗೇ ಹೋಗು. ದೂರ ಓಡಿ ಬಿಸಿಯಾದ ಟಯರು ಅಳತೆಯಲ್ಲಿ ಸುಳ್ಳು ಹೇಳುತ್ತದೆ. ಸ್ಟೆಪ್ನಿಗೂ ತುಂಬಿಸು, ಪ್ರತಿ ಸಲ ಅದನ್ನು ಮರೆಯುತ್ತೀ. ಟಯರುಗಳ ಬದಿಯನ್ನು ಕೈಯಿಂದ ಸವರಿ ನೋಡು. ಎಲ್ಲಾದರೂ ಸೀಳಿದ್ದರೆ ಇವತ್ತು ಲೋಕಲ್ ರೈಲಿನಲ್ಲೇ ಹೋಗು, ಹಟ ಮಾಡಬೇಡ.

“ಇದ್ದ ಗಾಳಿಯನ್ನೂ ಬಿಟ್ರೆ ಕ್ರೇನೇ ಬೇಕಾಗ್ತದೆ ಅಪ್ಪ” ಎಂದು ನಕ್ಕ ನಮ್ಮ ಸಮಿತ್, ಜೀಪು ಮೇಲೇರಿದಾಗ ಬಾಯಿ ತೆರೆದು ನಿಂತದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಗಾಳಿ ಇಳಿಸೋಣ ಎಂದದ್ದು ನಾನು ಎಲ್ಲೋ ಓದಿದ ಮಾತು. ಅದನ್ನು ನಂಬಿ ಸ್ಟಿಯರಿಂಗ್ ಹಿಡಿದವಳು ನೀನು. ಇಷ್ಟು ವರ್ಷ ಕವಿತೆ ಬರೆದೆ, ನನ್ನ ಯಾವ ಸಾಲೂ ಯಾರನ್ನೂ ಹೀಗೆ ದಡ ಹತ್ತಿಸಿರಲಿಲ್ಲ.

“ಈ ಪ್ರಾಯದಲ್ಲಿ ಜೀಪ್ ಯಾಕಕ್ಕ, ಮಾರಿಬಿಡು” ಎಂದು ವಾಶಿಯಲ್ಲಿ ನಿನ್ನ ತಮ್ಮ ಯಶ್ವಂತ್ ಇವತ್ತೂ ಶುರುಮಾಡುತ್ತಾನೆ. ದಾರಿಯಲ್ಲಿ ಟಯರು ಒಡೆದರೆ ಅವನೇ ಗೆದ್ದಂತೆ. ಆದ್ದರಿಂದ ಸೀಳಿದ್ದರೆ ಕಾಣುವಂತೆ ಟಯರುಗಳನ್ನು ಮೊದಲು ಚೆನ್ನಾಗಿ ತೊಳೆ. ಬಾನೆಟ್ಟಿನ ಮೇಲಿನ ಕೆಸರನ್ನು ಮಾತ್ರ ಮುಟ್ಟಬೇಡ. ಅವನ ಬಾಗಿಲೆದುರು ಹಾಗೆಯೇ ತಂದು ನಿಲ್ಲಿಸು.